ಹೊತ್ತು ಮುಳುಗಿದ ಮೇಲಿನ ಮೊಸರು

ನಮ್ಮೂರಲ್ಲಿ ಮಗು ನೆಲಕ್ಕೆ ಕಾಲೂರುವುದು ಮೊದಲ ತುತ್ತು ಮೊಸರನ್ನ ತಿಂದ ಮೇಲೆಯೇ. ಅಲ್ಲಿಯವರೆಗೆ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಿರಬೇಕು, ಇಲ್ಲದಿದ್ದರೆ ತೊಟ್ಟಿಲಿನಿಂದ ಒಂದು ಗೇಣು ಮೇಲೆ ಹಾಯಾಗಿ ನಿದ್ದೆ ಮಾಡುತ್ತಿರುತ್ತದೆ. ಮುದುಕರದ್ದೂ ಹೆಚ್ಚುಕಮ್ಮಿ ಇದೇ ಪಾಡು. ವಯಸ್ಸಾದ ಮೇಲೆ ತಿಂದ ಮೊಸರು ಮೈಗೆ ಹತ್ತುವುದಿಲ್ಲ. ಒಂದು ದಿನ ಹಿಮ್ಮಡಿ ನೆಲ ಬಿಡುತ್ತದೆ, ಆಮೇಲೆ ಬೆರಳು ಬಿಡುತ್ತದೆ, ಆಮೇಲೆ ಅವರು ಹೋಗುತ್ತಾರೆ. ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ನಡುವಯಸ್ಸಿನ ನಾವು ಮಾತ್ರ ನೆಲದ ಮೇಲೆ ದಪದಪ ಹೆಜ್ಜೆ ಹಾಕಿಕೊಂಡು, ಇದೆಲ್ಲ ನಮಗೆ ಸಂಬಂಧಿಸಿದ್ದಲ್ಲ ಎನ್ನುವ ಹಾಗೆ ಬೇಲಿ ಜಗಳ, ನಲ್ಲಿ ಜಗಳ ಆಡಿಕೊಂಡಿರುತ್ತೇವೆ.

ಮೊಸರಿಗೆ ಭಾರವಿದೆ. ಆ ಭಾರ ಮೈಯಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎನ್ನುವುದು ತಿಂದ ಹೊತ್ತಿನ ಮೇಲೆ, ತಿಂದ ರೀತಿಯ ಮೇಲೆ ನಿಂತಿದೆ. ಮಧ್ಯಾಹ್ನ ತಿಂದದ್ದು ಕಾಲಿಗೆ ಇಳಿಯುತ್ತದೆ. ಬಿಸಿ ಮಾಡಿ ತಿಂದರೆ ನಾಲಿಗೆಗೆ ಬರುತ್ತದೆ, ಅರೆಬರೆ ಹೆಪ್ಪಾದದ್ದನ್ನು ತಿಂದರೆ ತಲೆಗೆ ಏರುತ್ತದೆ. ಹೊತ್ತು ಮುಳುಗಿದ ಮೇಲೆ ತಿಂದದ್ದು ಎದೆಯಲ್ಲಿ ಕೂತುಬಿಡುತ್ತದೆ, ಅಲ್ಲಿಂದ ಏಳುವುದಿಲ್ಲ. ಬರೀ ಮೊಸರು ತಿನ್ನಬಾರದು, ಜೊತೆಗೆ ಹೆಸರುಬೇಳೆ ತೊವ್ವೆಯೋ ನೆಲ್ಲಿಕಾಯಿಯೋ ಒಂದು ತೊಟ್ಟು ಜೇನೋ ಇರಬೇಕು. ದಿನಾ ತಿನ್ನಬಾರದು. ಬೇಸಿಗೆಯಲ್ಲಿ, ಅದರ ಹಿಂದಿನ ವಸಂತದಲ್ಲಿ, ಮಳೆ ಮುಗಿದ ಶರತ್ತಿನಲ್ಲಿ ಮೊಸರನ್ನು ಮುಟ್ಟುವಂತೆಯೇ ಇಲ್ಲ. ಕಡೆದು, ಬೆಣ್ಣೆ ತೆಗೆದು, ಮಜ್ಜಿಗೆ ಮಾಡಿ ಕುಡಿಯಬೇಕು. ಆ ತಿಂಗಳುಗಳಲ್ಲಿ ಮೈ ಹಗುರಾಗಿ, ಸ್ವಲ್ಪ ಎಳೆದರೂ ನೆಲ ಬಿಡುತ್ತದೆಂದು ಊರಿಗೆ ಊರೇ ಸೊಂಟಕ್ಕೆ ಮರಳಿನ ಚೀಲ ಕಟ್ಟಿಕೊಂಡು ಓಡಾಡುತ್ತದೆ. ಊಟಕ್ಕೆ ಕೂರುವಾಗ ಮಾತ್ರ ಚೀಲ ಬಿಚ್ಚಿ ಪಕ್ಕಕ್ಕಿಟ್ಟು, ನೆಲಕ್ಕೆ ಬಿಗಿದ ಮಣೆಯ ಪಟ್ಟಿಯನ್ನು ಎರಡು ಮಂಡಿಗೂ ಸಿಕ್ಕಿಸಿಕೊಂಡು ಕೂರುತ್ತೇವೆ. ಬಡಿಸುವವಳಿಗೆ ಆ ಭಾಗ್ಯವೂ ಇಲ್ಲ, ಅವಳು ಚೀಲ ಹೊತ್ತುಕೊಂಡೇ ಬಡಿಸಬೇಕು.

ಈ ಕಟ್ಟುಪಾಡುಗಳನ್ನು ನಾನು ಕಲಿತದ್ದು ನನ್ನ ಅತ್ತೆ ಬಸಮ್ಮಣ್ಣಿಯಿಂದ. ಕಲಿತದ್ದು ಎನ್ನುವುದಕ್ಕಿಂತ ಬೈಸಿಕೊಂಡದ್ದು ಎನ್ನಬೇಕು. ಮದುವೆಯಾಗಿ ಬಂದ ಹೊಸತರಲ್ಲಿ ರಾತ್ರಿ ಊಟದ ಕೊನೆಗೆ ಅಭ್ಯಾಸಬಲದಿಂದ ಮೊಸರು ಕೇಳಿದೆ. ಅತ್ತೆ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮಪ್ಪನ ಮನೇಲಿ ಮೊಸರಿಗೆ ಹೊತ್ತು ಗೊತ್ತು ಇರಲಿಲ್ವೇನೇ ದಾಕ್ಷಾಯಿಣಿ? ಹಿಂಗೇ ತಿಂತಿದ್ರೆ ನಾಳೆ ಎದೆ ಮೇಲೆ ಬೀಸೋಕಲ್ಲು ಹೊತ್ಕೊಂಡು ಏಳ್ತೀಯ." ನಾನು ಮೂಗು ಮುರಿದೆ. ಅವರು ಮಜ್ಜಿಗೆ ಬಡಿಸಿದರು. ಅಲ್ಲಿಂದ ಮುಂದೆ ಎಷ್ಟು ವರ್ಷ ನಾವಿಬ್ಬರೂ ಒಂದೇ ಅಡುಗೆಮನೆಯಲ್ಲಿ ಎಣ್ಣೆ ಸೀಗೆಕಾಯಿಯ ಹಾಗೆ ಇದ್ದೆವೋ, ಯಾವಾಗ ಒಬ್ಬರನ್ನೊಬ್ಬರು ಬಿಟ್ಟು ಉಣ್ಣಲಾರದ ಹಾಗಾದೆವೋ ನನಗೆ ತಿಳಿಯದು.

ಅವರ ಹಿಮ್ಮಡಿ ನೆಲ ಬಿಟ್ಟದ್ದು ಮಹಾನವಮಿ ಕಳೆದ ವಾರ. ಸಾರಿಸಿದ ಹಿತ್ತಿಲಲ್ಲಿ ಅವರು ನಡೆದು ಹೋದ ಮೇಲೆ ಐದು ಬೆರಳಿನ ಗುರುತು ಬಿತ್ತು, ಹಿಮ್ಮಡಿಯದ್ದು ಬೀಳಲಿಲ್ಲ. ನಾನು ನೋಡಿದೆ, ಅವರೂ ನೋಡಿದರು. ಹತ್ತು ಹನ್ನೆರಡು ದಿನದಲ್ಲಿ ಮರಳಿನ ಚೀಲ ಎರಡಾಯಿತು, ಮೂರಾಯಿತು. ಒಂದು ಬೆಳಗ್ಗೆ ಚೀಲದ ದಾರ ಸಡಿಲವಾಗಿ ಅವರು ನಡುಮನೆಯ ತೊಲೆಗೆ ಹೋಗಿ ತಾಗಿದರು. ನಾನು ಏಣಿ ತರಲು ಓಡಿದೆ. "ಏಣಿ ಬೇಡ, ಪೊರಕೆ ಕೊಡೇ," ಎಂದು ಮೇಲಿನಿಂದಲೇ ಕೂಗಿದರು. "ಬಂದಿದ್ದು ಬಂದಿದೀನಿ, ಬಲೆನಾದ್ರೂ ಹೊಡೀತೀನಿ. ನೀನು ಬಂದಾಗ್ಲಿಂದ ಈ ತೊಲೆ ಪೊರಕೆ ಕಂಡಿಲ್ಲ." ಅವರು ಬಲೆ ಹೊಡೆದರು. ನಾನು ಕೆಳಗೆ ನಿಂತು, ಕಣ್ಣಿಗೆ ಬೀಳುತ್ತಿದ್ದ ಧೂಳಿನ ನೆಪದಲ್ಲಿ ಅತ್ತುಬಿಟ್ಟೆ.

ನಮ್ಮ ಯಜಮಾನರು ಗಾರೆ ಮೇಸ್ತ್ರಿ. ಹೆಸರು ಗುರುಮಲ್ಲಪ್ಪ, ಅವರವ್ವನ ಬಾಯಲ್ಲಿ ಮಲ್ಲು. ಊರಿನ ಅರ್ಧ ಗೋಡೆಗಳು ಅವರ ಕೈಯಲ್ಲಿ ಎದ್ದಂಥವು. ಯಾವುದೇ ಸಂಗತಿಯಾಗಲಿ ಸರಿಯಾಗಿ ಭಾರ ಹೇರಿದರೆ ನಿಲ್ಲುತ್ತದೆ ಎನ್ನುವುದು ಅವರ ನಂಬಿಕೆ. ತಾಯಿಯನ್ನು ಕಂಡರೆ ಪ್ರಾಣ. ಅಂದು ಕೆಲಸದಿಂದ ಬಂದವರು ತೊಲೆಯ ಹತ್ತಿರ ತಾಯಿಯನ್ನು ನೋಡಿ, ಕೈಯಲ್ಲಿದ್ದ ಕರಣೆಯನ್ನು ಬಾಗಿಲಲ್ಲೇ ಬಿಟ್ಟು ಪಂಡಿತರ ಮನೆಗೆ ಓಡಿದರು.

ಶಾಂತವೀರಯ್ಯ ಪಂಡಿತರು ಬಂದು ನಾಡಿ ಹಿಡಿದರು, ನಾಲಿಗೆ ನೋಡಿದರು, ಅಂಗಾಲು ಒತ್ತಿದರು. "ಕಾಯಿಲೆ ಏನೂ ಇಲ್ಲ ಗುರುಮಲ್ಲ," ಎಂದರು. "ಹೆಸರುಕಟ್ಟು ಕೊಡಿ, ಶುಂಠಿ ಹಾಕಿ ತೆಳ್ಳಗೆ ಮಜ್ಜಿಗೆ ಕೊಡಿ. ಹೋಗೋವರೆಗೂ ಚೆನ್ನಾಗಿರ್ತಾರೆ."

"ಮೊಸರು ಕೊಡ್ತೀನಿ ಅಯ್ಯನೋರೆ. ಗಟ್ಟಿ ಮೊಸರು."

"ಇದು ಶರತ್ತು. ಪಿತ್ತ ಕೆರಳಿರೋ ಕಾಲ. ಮೊಸರು ಬಾಯಿಗೆ ತಣ್ಣಗೆ, ಒಳಗೆ ಹೋದ್ರೆ ಬೆಂಕಿ. ಅದೂ ಅಲ್ಲದೆ ಈ ವಯಸ್ಸಿಗೆ ಕಾಲಿಗೆ ಇಳಿಯೋದಿಲ್ಲ ಕಣಯ್ಯ."

"ರಾತ್ರಿದು ಎದೇಲಿ ಕೂರುತ್ತಲ್ಲ?"

ಪಂಡಿತರು ಮದ್ದಿನ ಚೀಲ ಕಟ್ಟುತ್ತಿದ್ದವರು ಕೈ ನಿಲ್ಲಿಸಿದರು. "ಕೂರುತ್ತೆ. ಒಳಗಿನ ದಾರಿ ಎಲ್ಲ ಕಟ್ಟುತ್ತೆ. ಉಸಿರು ಓಡಾಡೋ ದಾರಿನೂ ಸೇರಿಸಿ." ಅಷ್ಟು ಹೇಳಿ ಹೊರಟುಹೋದರು.

ಮಜ್ಜಿಗೆಗಾಗಿ ಮನೆಯಲ್ಲಿ ದಿನಾ ಹಾಲಿಗೆ ಹೆಪ್ಪು ಹಾಕಿಯೇ ಹಾಕುತ್ತಿದ್ದೆ. ಮರುದಿನ ದೀಪ ಹಚ್ಚಿ ಬರುವಷ್ಟರಲ್ಲಿ ಇವರು ಗಡಿಗೆಯನ್ನೇ ನಡುಮನೆಗೆ ತಂದು, ಅನ್ನ ಕಲಸಿಕೊಂಡು ತಾಯಿಯ ಮುಂದೆ ಕೂತಿದ್ದರು. ನಾನು ಅಡ್ಡ ನಿಂತೆ. "ಏನ್ರೀ ಇದು, ಹೊತ್ತು ಮುಳುಗಿದೆ, ಶರತ್ತು ಬೇರೆ. ಅಯ್ಯನೋರು ಅಷ್ಟು ಹೇಳಿದಾರೆ."

"ಕಾಲಿಗೆ ಇಳೀತಿಲ್ಲ ತಾನೆ? ಎದೇಲಾದ್ರೂ ಕೂರಲಿ. ಎಲ್ಲಿ ಕೂತರೇನು, ಅವ್ವ ಮನೇಲಿ ಇರ್ತಾಳಲ್ಲ."

"ಅವರೇನು ಗೋಡೆನಾ, ಭಾರ ಹಾಕಿ ನಿಲ್ಲಿಸೋಕೆ?"

ಇವರ ಮುಖ ಕಪ್ಪಿಟ್ಟಿತು. ಮಾತಿಗೆ ಮಾತು ಬೆಳೆಯುವುದಿತ್ತು. ಅತ್ತೆ ನನ್ನ ಕಡೆ ನೋಡಿ ಬೇಡ ಎನ್ನುವ ಹಾಗೆ ತಲೆ ಆಡಿಸಿದರು. "ಬಿಡೇ. ಮಗ ಕಲಸಿದಾನೆ. ಹೆಂಗೆ ಬೇಡ ಅನ್ಲಿ?" ಎಂದು ಬಾಯಿ ತೆರೆದರು. ಊರಿಗೆಲ್ಲ ಮೊಸರಿನ ಕಾನೂನು ಹೇಳಿದ ಹೆಂಗಸು ದೀಪದ ಮುಂದೆ ಕೂತು ಮೊಸರನ್ನ ನುಂಗಿದರು. ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಪಾತ್ರೆಗಳ ಮೇಲೆ ತೀರಿಸಿಕೊಂಡೆ.

ಮೊಸರು ಕೆಲಸ ಮಾಡಿತು ಎಂದೇ ಹೇಳಬೇಕು. ವಾರದೊಳಗೆ ಅತ್ತೆಯ ಕಾಲು ನೆಲಕ್ಕೆ ಬಂತು. ಇವರು ಬೀದಿಗೆಲ್ಲ ಕೇಳುವ ಹಾಗೆ ನಕ್ಕರು, ತಾಯಿಗೆ ಹೊಸ ಕಂಬಳಿ ತಂದರು. ಅದಾದ ಮೇಲೂ ಭಾರ ಏರುವುದು ನಿಲ್ಲಲಿಲ್ಲ. ಅತ್ತೆ ಕೂತಲ್ಲಿಂದ ಏಳಲು ಇಬ್ಬರು ಬೇಕಾಯಿತು. ಮಂಚದ ಕಾಲು ಮುರಿಯಿತು, ನೆಲದ ಮೇಲೆ ಹಾಸಿಗೆ ಹಾಕಿದೆವು. ಗಾರೆ ನೆಲ ಅವರ ಮೈಯ ಅಳತೆಗೆ ತಗ್ಗಿತು. ಮುಖ ಊದಿತು, ಕಣ್ಣಿನ ಕೆಳಗೆ ನೀರು ತುಂಬಿತು. ಎದೆಯಲ್ಲಿ ಕಫ ಗೊರಗೊರ ಎನ್ನುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅವರ ಮಾತು ಹೋಯಿತು. ಒಂದು ಶಬ್ದ ಹೊರಡಿಸಲು ಅಷ್ಟು ಭಾರವನ್ನು ಒಳಗಿನಿಂದ ತಳ್ಳಬೇಕಾಗಿತ್ತು, ಅವರು ತಳ್ಳುವುದನ್ನೇ ಬಿಟ್ಟರು. ನಾನು ಬೇಕೆಂದೇ ಸಾರಿಗೆ ಉಪ್ಪು ಹೆಚ್ಚು ಹಾಕಿದೆ, ಬಾಗಿಲಲ್ಲಿ ಚಪ್ಪಲಿ ಅಡ್ಡಾದಿಡ್ಡಿ ಬಿಟ್ಟೆ. ಬೈಯಲಿ, ಒಂದು ಸಲ ಬೈಯಲಿ ಎಂದು ಕಾದೆ. ಅವರು ಬೈಯಲಿಲ್ಲ.

ಇವರಿಗೆ ಮಾತ್ರ ಅದು ಕಾಣಲಿಲ್ಲ. ಇಲ್ಲ, ಕಂಡಿರಬೇಕು. ತಾಯಿಯ ಪಕ್ಕದಲ್ಲಿ ಕೂತು ಇಡೀ ದಿನದ ಕೆಲಸದ ಸುದ್ದಿ ಹೇಳುವರು, ಪ್ರಶ್ನೆಯನ್ನೂ ಅವರೇ ಕೇಳಿ ಉತ್ತರವನ್ನೂ ಅವರೇ ಕೊಟ್ಟುಕೊಳ್ಳುವರು. "ಇದಾಳಲ್ಲ, ಅಷ್ಟು ಸಾಕು," ಎಂದು ನನ್ನ ಮುಂದೆ ಆಗಾಗ ಹೇಳುತ್ತಿದ್ದರು. ಯಾರೂ ಕೇಳದೆ ಇದ್ದಾಗಲೂ ಹೇಳುತ್ತಿದ್ದರು.

ನಮ್ಮ ಕಡೆ ಬಡಿಸುವಾಗ ಸಾಕು ಅನ್ನಿಸಿದರೆ ಬಾಯಲ್ಲಿ ಹೇಳುವುದಕ್ಕಿಂತ ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯುವುದು ವಾಡಿಕೆ. ಅಡ್ಡ ಬಂದ ಕೈಯನ್ನು ಕಂಡರೆ ಹಗೆಯವನೂ ಸೌಟನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಒಂದು ಸಂಜೆ ಇವರು ಎಂದಿನಂತೆ ಅನ್ನ ಹಾಕಿ, ಗಡಿಗೆಗೆ ಸೌಟು ಇಳಿಸಿದರು. ಅತ್ತೆಯ ಬಲಗೈ ಹಾಸಿಗೆಯ ಮೇಲಿನಿಂದ ಎದ್ದಿತು. ಏಳುವುದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದರೆ, ಇವರು ಸೌಟನ್ನು ಎತ್ತಿ ಹಿಡಿದು ಕಾಯುತ್ತಲೇ ಇದ್ದರು. ಅತ್ತೆಯ ಹಣೆಯಲ್ಲಿ ಬೆವರು ಮೂಡಿತ್ತು. ಕೊನೆಗೆ ಅಂಗೈ ಬಂದು ಎಲೆಗೆ ಅಡ್ಡವಾಗಿ ನಿಂತಿತು. ಇವರು ಅದನ್ನು ನೋಡಿದರು. ನೋಡಿದ ಮೇಲೂ ಬಡಿಸಿದರು. ಮೊಸರು ಅವರ ಕೈಯ ಮೇಲೆ ಬಿದ್ದು ಬೆರಳ ಸಂದಿಗಳಿಂದ ಎಲೆಗೆ ಇಳಿಯಿತು.

ಇವರು ಹೆಗಲ ಮೇಲಿನ ಟವೆಲಿನಿಂದ ಆ ಕೈ ಒರೆಸಿ ಪಕ್ಕಕ್ಕೆ ಇಟ್ಟು, ತುತ್ತು ಮಾಡಿದರು. ಅತ್ತೆ ಬಾಯಿ ತೆರೆದರು. ನಾನು ಗಡಿಗೆ ಎತ್ತಿಕೊಂಡು ಹಿತ್ತಿಲಿಗೆ ಹೋದೆ. ಒಂದು ಚಮಚದಷ್ಟೂ ಹೆಪ್ಪಿಗೆ ಉಳಿಸದೆ ನುಗ್ಗೆಮರದ ಬುಡಕ್ಕೆ ಸುರಿದೆ. ಬೂದಿ ಹಾಕಿ ಗಡಿಗೆ ತಿಕ್ಕಿ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದೆ. ಹಿಂದೆಯೇ ಬಂದ ಇವರು ಅದನ್ನು ನೋಡುತ್ತ ನಿಂತರು.

"ಈ ಮನೇಲಿ ಇನ್ನು ಹಾಲು ಹೆಪ್ಪಾಗೋದಿಲ್ಲ," ಅಂದೆ. "ಕೈ ಅಡ್ಡ ಹಿಡಿದವರಿಗೆ ಬಡಿಸೋ ಮನೇಲಿ ನಾನು ಗಡಿಗೆ ಮುಟ್ಟೋದಿಲ್ಲ."

ಇವರು ನನ್ನ ಮೇಲೆ ಕೈ ಮಾಡಿದವರಲ್ಲ, ಅಂದೂ ಮಾಡಲಿಲ್ಲ. ಮೂಲೆಯಲ್ಲಿದ್ದ ಸಣ್ಣ ಲೋಟ ತೆಗೆದುಕೊಂಡು ಪಕ್ಕದ ಮನೆ ಹೊನ್ನಾಜಮ್ಮನ ಬಾಗಿಲಿಗೆ ಹೋದರು. ಬೇಲಿಯ ಈಚೆಗೆ ಎಲ್ಲ ಕೇಳಿಸುತ್ತಿತ್ತು. ಹೆಪ್ಪು ಕೇಳಿದರು. "ಮಲ್ಲಪ್ಪ, ದೀಪ ಹಚ್ಚಿದ ಮೇಲೆ ಹೆಪ್ಪು ಕೊಡ್ತಾರೇನಪ್ಪ? ಅದೂ ಈ ತಿಂಗಳಲ್ಲಿ?" ಎಂದು ಆಕೆ ಮೆಲ್ಲಗೆ ಹೇಳಿದಳು. ಅದರ ಮುಂದಿನ ಮನೆಗೂ ಹೋದರು. ಬೀದಿಯ ಕೊನೆಯವರೆಗೂ ಹೋಗಿ ಖಾಲಿ ಲೋಟ ಹಿಡಿದು ಬಂದು ಜಗಲಿಯ ಮೇಲೆ ಕೂತರು. ನಾನು ಹೋಗಿ ಪಕ್ಕದಲ್ಲಿ ಕೂತೆ. ನನಗೆ ಬೈಯುತ್ತಾರೆ ಅಂದುಕೊಂಡಿದ್ದೆ.

"ಅವ್ವ ಹೋದ ಮೇಲೆ ನಾನು ಯಾರನ್ನ ಅವ್ವ ಅನ್ಲಿ ದಾಕ್ಷಾಯಿಣಿ?" ಎಂದರು. ಐವತ್ತು ದಾಟಿದ ಗಂಡಸು, ಮೀಸೆಯಲ್ಲಿ ಅರ್ಧ ಬೆಳ್ಳಿ. ಅವರ ಬೆನ್ನಿನ ಮೇಲೆ ಕೈ ಇಟ್ಟುಕೊಂಡು ಕೂತೆ.

ಮರುದಿನದಿಂದ ಇವರು ಹೆಪ್ಪು ಕೇಳಲು ಹೋಗಲಿಲ್ಲ, ನಾನು ಪಂಡಿತರು ಹೇಳಿದ್ದನ್ನೇ ಕೊಟ್ಟೆ. ಬೆಳಗ್ಗೆ ಶುಂಠಿ ಕಷಾಯ, ಮಧ್ಯಾಹ್ನ ಹೆಸರುಕಟ್ಟು, ನೆಲ್ಲಿಕಾಯಿ ತೊಕ್ಕು, ಹೊನ್ನಾಜಮ್ಮ ಬೇಲಿಯ ಮೇಲಿಂದ ದಾಟಿಸುತ್ತಿದ್ದ ತೆಳು ಮಜ್ಜಿಗೆ. ಮೊದಲು ಕಫ ಕರಗಿತು. ಅತ್ತೆ ಕೆಮ್ಮಿ ಕೆಮ್ಮಿ ಉಗುಳಿದರು, ನಾನು ಬಟ್ಟಲು ಹಿಡಿದೆ. ಊತ ಇಳಿದ ಮೇಲೆ ಹಳೆಯ ಮೂಗು, ಹಳೆಯ ಗಲ್ಲದ ಮೂಳೆ ಹೊರಗೆ ಬಂದವು. ಒಂದು ಮಧ್ಯಾಹ್ನ ತೊವ್ವೆಯ ತುತ್ತನ್ನು ಬಾಯಿಗೆ ಇಟ್ಟುಕೊಂಡವರು ಮುಖ ಗಂಟಿಕ್ಕಿದರು. "ಒಗ್ಗರಣೆ ಸೀಯಿಸಿದೀಯ," ಎಂದರು. ನಾನು ಸೌಟನ್ನು ಅಲ್ಲೇ ಬಿಟ್ಟು ಹಿತ್ತಿಲಿಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ಅಷ್ಟು ಸಂತೋಷ ನನಗೆ ಬಹಳ ವರ್ಷಗಳಿಂದ ಆಗಿರಲಿಲ್ಲ.

ಇವರು ಮಾತ್ರ ಇಬ್ಬರೊಡನೆಯೂ ಮಾತು ಬಿಟ್ಟಿದ್ದರು. ನನ್ನ ಮೇಲೆ ಸಿಟ್ಟು, ತಾಯಿಯ ಮೇಲೆ ಅದಕ್ಕಿಂತ ದೊಡ್ಡ ಸಿಟ್ಟು. ಎದ್ದ ಕೂಡಲೇ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಬರುವರು. ತಾಯಿ ಮತ್ತೆ ತೊಲೆಗೆ ಏರಿದ ದಿನ ತಲೆ ತಗ್ಗಿಸಿಕೊಂಡು ಅವರ ಕೆಳಗಿನಿಂದಲೇ ದಾಟಿಹೋದರು. ಅತ್ತೆಗೆ ಇದನ್ನು ಸಹಿಸಲಾಗಲಿಲ್ಲ. "ಮಲ್ಲು, ಇಲ್ಲಿ ಬಾ," ಎಂದು ಮೇಲಿನಿಂದ ಕೂಗಿದರು. "ಈ ಮೂಲೇಲಿ ಮೂರು ಹೆಂಚು ಒಡೆದಿವೆ. ಊರಿನವರ ಮನೆ ಕಟ್ತೀಯ, ನಿನ್ನ ಮನೆ ತಲೆ ಮೇಲೆ ಏನಿದೆ ನೋಡ್ಕೊಂಡಿದೀಯ?"

ಕೆಲಸದ ಮಾತು ಬಂದರೆ ಇವರಿಂದ ಸುಮ್ಮನಿರಲಾಗುವುದಿಲ್ಲ. ಏಣಿ ಹಾಕಿ ಹತ್ತಿದರು. ಅತ್ತೆ ಹೆಂಚಿನ ಕೆಳಗಿನ ತೀರಿನ ಮರ ಹಿಡಿದುಕೊಂಡು ಪಕ್ಕದಲ್ಲೇ ಇದ್ದರು. ನಾನು ಕೆಳಗಿನಿಂದ ಹೊಸ ಹೆಂಚು ಕೊಡುವುದು, ಅವರು ಅದನ್ನು ಮಗನ ಕೈಗೆ ದಾಟಿಸುವುದು. ಮೂರು ಹೆಂಚಿನ ಕೆಲಸ ಸಂಜೆಯವರೆಗೂ ನಡೆಯಿತು. ಇಬ್ಬರೂ ಒಂದೇ ಎತ್ತರದಲ್ಲಿ ಏನೇನೋ ಮಾತಾಡಿಕೊಂಡರು. ನನಗೆ ಕೇಳಿಸಿದ್ದು ಅಲ್ಲೊಂದು ಇಲ್ಲೊಂದು. ಯಾವುದೋ ಹಳೆಯ ಎಮ್ಮೆಯ ವಿಷಯ ಬಂತು, ಇವರು ಈಜು ಕಲಿಯಲು ಹೋಗಿ ಪೆಟ್ಟು ತಿಂದ ವಿಷಯ ಬಂತು. ಒಂದು ಸಲ ಇವರು ನಕ್ಕರು. ಇನ್ನೊಂದು ಸಲ ಇವರು ಮೂಗು ಒರೆಸಿಕೊಂಡದ್ದು ಕೇಳಿತು, ನಾನು ಮೇಲೆ ನೋಡಲಿಲ್ಲ.

ಅದಾಗಿ ನಾಲ್ಕೈದು ದಿನಕ್ಕೆ ಅತ್ತೆ ಬೆಳಗ್ಗೆಯೇ ಹೇಳಿದರು. "ಇವತ್ತು ತೊಟ್ಟಿಯಲ್ಲಿ ಎಲೆ ಹಾಕೇ. ನಡುಮನೆ ಸೆಕೆ." ನಮ್ಮ ತೊಟ್ಟಿಗೆ ಸೂರಿಲ್ಲ, ಮೇಲೆ ಬರೀ ಆಕಾಶ. ಹೆಸರುಬೇಳೆ ತೊವ್ವೆ ಮಾಡಿದೆ, ಒಗ್ಗರಣೆಯನ್ನು ಕಣ್ಣು ಬಿಟ್ಟುಕೊಂಡು ನೋಡುತ್ತ ಹಾಕಿದೆ. ಪಡವಲಕಾಯಿ ಪಲ್ಯ, ಹೀರೆಕಾಯಿ ಸಿಪ್ಪೆ ಚಟ್ನಿ, ಬಿಸಿ ಅನ್ನ, ತುಪ್ಪ. ಇವರು ಕೆಲಸಕ್ಕೆ ಹೋಗದೆ ಮನೆಯಲ್ಲೇ ಉಳಿದರು. ತಾಯಿಯ ಪಕ್ಕದಲ್ಲೇ ಎಲೆ ಹಾಕಿಸಿಕೊಂಡು, ತಮ್ಮ ಚೀಲ ಬಿಚ್ಚಿಟ್ಟು ಕೂತರು. ಮಂಡಿಗೆ ಮಣೆಯ ಪಟ್ಟಿ ಹಾಕಿಕೊಳ್ಳಲಿಲ್ಲ. ನಾನು ಗಮನಿಸಿದೆ, ಮರೆತಿರಬೇಕು ಅಂದುಕೊಂಡೆ.

ಅತ್ತೆ ಚೆನ್ನಾಗಿ ಉಂಡರು. ಚಟ್ನಿ ಎರಡನೇ ಸಲ ಕೇಳಿದರು. ಅನ್ನ ಇನ್ನೂ ಅರ್ಧ ಇತ್ತು, ನಾನು ಮಜ್ಜಿಗೆ ತರಲು ತಿರುಗಿದ್ದೆ. "ಮಲ್ಲು, ಈ ಚೀಲ ಬಿಚ್ಚಪ್ಪ, ಸೊಂಟ ನೋಯ್ತಿದೆ," ಎಂದರು. ತಿರುಗಿ ನೋಡಿದಾಗ ಇವರ ಎಡಗೈ ತಾಯಿಯ ಸೊಂಟದ ಗಂಟಿನ ಮೇಲಿತ್ತು. ಒಂದು ಗಂಟು ಬಿಚ್ಚಿದರು. ಎರಡನೆಯದು ಬಿಚ್ಚಿದರು. ಮೂರನೆಯ ಚೀಲ ನೆಲಕ್ಕೆ ಬಿದ್ದ ಕೂಡಲೇ ಅತ್ತೆ ಕೂತ ಭಂಗಿಯಲ್ಲೇ ಎಲೆಯಿಂದ ಎದ್ದರು. ಇವರು ಅವರ ಮಣಿಕಟ್ಟು ಹಿಡಿದುಕೊಂಡರು.

ಹಿಡಿದವರು ಬಿಡಲಿಲ್ಲ. ಮಣೆಯಿಂದ ಎದ್ದರು, ತುದಿಗಾಲ ಮೇಲೆ ನಿಂತರು, ಆಮೇಲೆ ಅವರ ಕಾಲೂ ನೆಲ ಬಿಟ್ಟಿತು. ಆಗ ನನಗೆ ತಿಳಿಯಿತು, ಪಟ್ಟಿ ಮರೆತದ್ದಲ್ಲ. ನಾನು ಮಜ್ಜಿಗೆಯ ಚೆಂಬು ಅಲ್ಲೇ ಕುಕ್ಕಿ ಓಡಿಹೋಗಿ ಅವರ ಎರಡೂ ಮಂಡಿಯನ್ನು ತಬ್ಬಿ ಹಿಡಿದೆ. ನನ್ನ ಸೊಂಟದಲ್ಲಿ ಚೀಲ ಇತ್ತು, ಆದರೂ ನನ್ನ ಹಿಮ್ಮಡಿ ಏಳುತ್ತಿರುವುದು ಗೊತ್ತಾಗುತ್ತಿತ್ತು. ಮೂವರೂ ಒಬ್ಬರ ಮೇಲೊಬ್ಬರು ತೊಟ್ಟಿಯ ನಡುವೆ ನಿಂತಿದ್ದೆವು. ನನಗೆ ಇವರ ಮುಖ ಕಾಣುತ್ತಿರಲಿಲ್ಲ. "ರೀ, ನಾನಿದೀನಿ ಇಲ್ಲಿ," ಎಂದು ಅವರ ಪಂಚೆಯೊಳಗೆ ಮುಖವಿಟ್ಟು ಕೂಗಿದೆ. ಅದೊಂದೇ ಮಾತು ಬಂತು, ಅದನ್ನೇ ಮತ್ತೆ ಮತ್ತೆ ಕೂಗಿದೆ.

ಮೇಲಿನಿಂದ ಅತ್ತೆಯ ದನಿ ಕೇಳಿತು. ಸಣ್ಣ ದನಿ, ಸ್ವಚ್ಛವಾಗಿತ್ತು. "ಮಲ್ಲು, ಕೈ ಬಿಡಪ್ಪ. ಅವಳಿನ್ನೂ ಉಂಡಿಲ್ಲ."

ಆಮೇಲೆ ಇವರ ಪೂರ್ತಿ ಮೈ ನನ್ನ ಮೇಲೆ ಬಿತ್ತು. ಇಬ್ಬರೂ ನೆಲದ ಮೇಲೆ ಬಿದ್ದೆವು, ನನ್ನ ಮೊಣಕೈ ತರಚಿತು. ಕಣ್ಣು ಬಿಟ್ಟಾಗ ಅತ್ತೆ ಸೂರಿನ ಅಂಚು ದಾಟಿದ್ದರು. ಹೊಸ ಹೆಂಚುಗಳ ಕಡೆಗೊಮ್ಮೆ ನೋಡಿದರು. ಸೆರಗನ್ನು ಸರಿಮಾಡಿಕೊಂಡು ಸೊಂಟಕ್ಕೆ ಸಿಕ್ಕಿಸಿದರು. ಬಹಳ ಹೊತ್ತು ಕಾಣುತ್ತಿದ್ದರು, ಆಮೇಲೆ ಕಾಣಲಿಲ್ಲ.

ಇವರು ಎದ್ದು ಕೈ ತೊಳೆಯಲಿಲ್ಲ. ತಮ್ಮ ಎಲೆಗೂ ಹೋಗಲಿಲ್ಲ. ತಾಯಿಯ ಎಲೆಯ ಮುಂದೆ ಕೂತು, ಮಣೆಯ ಪಟ್ಟಿಯನ್ನು ಮಂಡಿಗೆ ಬಿಗಿಯಾಗಿ ಎಳೆದುಕೊಂಡರು. ಅಲ್ಲಿ ಉಳಿದಿದ್ದ ಅನ್ನವನ್ನು ಬೆರಳಿನಿಂದ ಒಟ್ಟು ಮಾಡಿದರು. "ನಾನು ಬಿಟ್ಟಿದ್ದನ್ನೆಲ್ಲ ಅವಳೇ ತಿಂತಿದ್ಲು ಕಣೇ, ಚಿಕ್ಕೋನಿದ್ದಾಗ," ಎಂದರು. "ಮಜ್ಜಿಗೆ ಹಾಕು. ನೀನೂ ಎಲೆ ಹಾಕ್ಕೊ."

ನಾನು ಮಜ್ಜಿಗೆ ಹಾಕಿದೆ. ನನ್ನ ಚೀಲ ಬಿಚ್ಚಿಟ್ಟು, ಮಂಡಿಗೆ ಪಟ್ಟಿ ಸಿಕ್ಕಿಸಿಕೊಂಡು ಪಕ್ಕದಲ್ಲಿ ಕೂತೆ. ಇವರು ಅಳುತ್ತಲೇ ಉಂಡರು, ತಾಯಿಯ ಎಲೆಯಲ್ಲಿ ಒಂದು ಅಗುಳೂ ಬಿಡಲಿಲ್ಲ.